ನೆಲದೊಳಗೆ ನೆಲೆಸಿದ ದೇವತೆಗಳು: ಐರ್ಲೆಂಡಿನ ಪುರಾಣಲೋಕ

ಐರ್ಲೆಂಡಿನ ಪ್ರಾಚೀನ ದೇವತೆಗಳನ್ನು ಕುರಿತು ಇಂದು ಓದಲು ಸಿಗುವ ಕಥೆಗಳೆಲ್ಲವೂ ಆ ದೇವತೆಗಳನ್ನು ಪೂಜಿಸದೆ ಇದ್ದವರ ಕೈಬರಹದಲ್ಲಿ ಉಳಿದುಬಂದವು. ಕ್ರಿ.ಶ. 5ನೇ ಶತಮಾನದಲ್ಲಿ ಆ ದ್ವೀಪಕ್ಕೆ ಕ್ರೈಸ್ತಧರ್ಮ ಬಂದಾಗ ಲ್ಯಾಟಿನ್ ಲಿಪಿಯೂ ಪುಸ್ತಕ ಬರೆಯುವ ಪದ್ಧತಿಯೂ ಅದರ ಜೊತೆಯಲ್ಲಿ ಬಂದವು. ಅಲ್ಲಿಯವರೆಗೆ ಕಥೆ, ವಂಶಾವಳಿ ಮತ್ತು ಸ್ಥಳಪುರಾಣಗಳನ್ನು ಕಂಠಸ್ಥವಾಗಿ ಕಾಪಾಡಿಕೊಂಡು ಬಂದಿದ್ದ 'ಫಿಲಿ' ಎಂಬ ಪಂಡಿತಕವಿಗಳ ವರ್ಗ ಮುಂದಿನ ಶತಮಾನಗಳಲ್ಲಿ ಮಠಗಳ ವಿದ್ಯೆಯೊಡನೆ ಬೆರೆಯಿತು, ಆ ಬೆರಕೆಯಿಂದ ಹಳೆಯ ಐರಿಷ್ ಭಾಷೆಯ ವಿಪುಲವಾದ ಗದ್ಯಸಾಹಿತ್ಯ ಹುಟ್ಟಿತು. ಶ್ಯಾನನ್ ನದಿಯ ದಡದ ಕ್ಲಾನ್‌ಮಕ್‌ನೋಯ್ಸ್ ಮಠದಲ್ಲಿ ಸುಮಾರು 1100ರ ಹೊತ್ತಿಗೆ ಸಿದ್ಧವಾದ 'ಕಂದು ಹಸುವಿನ ಪುಸ್ತಕ' ಈ ಸಾಹಿತ್ಯವನ್ನು ಉಳಿಸಿದ ಹಸ್ತಪ್ರತಿಗಳಲ್ಲಿ ಬಹಳ ಹಳೆಯದು. ಆ ಮಠವನ್ನು ಸ್ಥಾಪಿಸಿದ ಸಂತ ಕಿಯರಾನನ ಹಸುವಿನ ಚರ್ಮದಿಂದ ಅದರ ಹಾಳೆಗಳನ್ನು ಮಾಡಲಾಯಿತೆಂಬ ಐತಿಹ್ಯದಿಂದ ಅದಕ್ಕೆ ಈ ಹೆಸರು ಬಂದಿದೆ. ಅದರ ಲಿಪಿಕಾರರಲ್ಲಿ ಒಬ್ಬನೆಂದು ಗುರುತಿಸಲಾಗಿರುವ ಮೇಲ್ ಮುಯಿರೆ 1106ರಲ್ಲಿ ಆ ಮಠದ ಆವರಣದಲ್ಲಿಯೇ ದಾಳಿಕೋರರ ಕೈಯಲ್ಲಿ ಹತನಾದನೆಂದು ಐರ್ಲೆಂಡಿನ ವಾರ್ಷಿಕ ವೃತ್ತಾಂತಗಳು ಹೇಳುತ್ತವೆ.

ಈ ಬರಹಗಾರರ ಮನಸ್ಸು ಎಷ್ಟು ಇಬ್ಬಗೆಯದಾಗಿತ್ತೆಂಬುದಕ್ಕೆ 12ನೇ ಶತಮಾನದ 'ಲೆನ್‌ಸ್ಟರ್ ಪುಸ್ತಕ'ದಲ್ಲಿ ಒಂದು ಅಪೂರ್ವವಾದ ಸಾಕ್ಷ್ಯವಿದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸುರಕ್ಷಿತವಾಗಿರುವ ಈ ಹಸ್ತಪ್ರತಿಯಲ್ಲಿ 'ಟಾಯಿನ್' ಎಂಬ ಮಹಾಕಥೆ ಮುಗಿಯುವ ಜಾಗದಲ್ಲಿ ಎರಡು ಮುಕ್ತಾಯವಾಕ್ಯಗಳು ಒಂದರ ಕೆಳಗೊಂದು ನಿಂತಿವೆ. ಐರಿಷ್ ಭಾಷೆಯ ಮೊದಲನೆಯದು ಈ ಕಥೆಯನ್ನು ಇದ್ದಂತೆಯೇ ಕಂಠಪಾಠ ಮಾಡಿ, ಬೇರೆ ರೂಪ ಕೊಡದೆ ಹೇಳುವವರಿಗೆಲ್ಲ ಹರಕೆಯನ್ನು ನೀಡುತ್ತದೆ; ಲ್ಯಾಟಿನ್ ಭಾಷೆಯ ಎರಡನೆಯದಾದರೋ ಇಷ್ಟನ್ನೆಲ್ಲ ಬರೆದ ತಾನು ಇದರ ಹಲವು ಸಂಗತಿಗಳನ್ನು ನಂಬುವುದಿಲ್ಲವೆಂದೂ, ಇವುಗಳಲ್ಲಿ ಕೆಲವು ಪಿಶಾಚಿಗಳ ವಂಚನೆ, ಕೆಲವು ಕವಿಕಲ್ಪನೆ, ಕೆಲವು ಮೂಢರ ವಿನೋದಕ್ಕಾಗಿ ಹುಟ್ಟಿದವು ಎಂದೂ ಸಾರುತ್ತದೆ. ಹರಕೆ ಮತ್ತು ನಿರಾಕರಣೆ ಒಂದೇ ಪುಟದಲ್ಲಿ ಒಟ್ಟಿಗೆ ನಿಂತಿರುವುದನ್ನು ಕಪಟವೆಂದು ಕರೆಯುವುದು ಅನ್ಯಾಯ. ನಂಬಲಾಗದ್ದನ್ನು ಅಳಿಸಿಹಾಕುವುದಕ್ಕೆ ಅಧಿಕಾರವಿದ್ದ ಜನ ಅದನ್ನು ಅಳಿಸದೆ, ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದಿಟ್ಟರೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಆದರೆ ಈ ಉಳಿವಿಗೆ ತೆರಬೇಕಾದ ಬೆಲೆಯೂ ಇತ್ತು. ಐರಿಷ್ ದೇವತೆಗಳು ಪುಟಗಳ ಮೇಲೆ ದೇವತೆಗಳೆಂದು ಸ್ಪಷ್ಟವಾಗಿ ಕರೆಯಿಸಿಕೊಳ್ಳುವುದಿಲ್ಲ. ಅವರಿಗೆ ಪೂಜಾವಿಧಿಯ ವಿವರಗಳಿಲ್ಲ, ಜಗತ್ತಿನ ಸೃಷ್ಟಿಯ ಕಥೆಯೂ ಇಲ್ಲ, ಏಕೆಂದರೆ ಸೃಷ್ಟಿಯ ಸ್ಥಾನವನ್ನು ಬೈಬಲ್ ಆಗಲೇ ಆಕ್ರಮಿಸಿತ್ತು.

ಆ ಖಾಲಿ ಜಾಗವನ್ನು ತುಂಬಲು ವಿದ್ವಾಂಸರು 11ನೇ ಶತಮಾನದಲ್ಲಿ ರೂಪಿಸಿದ ಗ್ರಂಥವೇ 'ಐರ್ಲೆಂಡಿನ ಆಕ್ರಮಣಗಳ ಪುಸ್ತಕ'. ನೋಹನ ಪ್ರಳಯದ ಕಾಲದಿಂದ ಆರಂಭಿಸಿ ಒಂದರ ಹಿಂದೆ ಒಂದರಂತೆ ಆರು ಜನಾಂಗಗಳು ದ್ವೀಪಕ್ಕೆ ಬಂದು ನೆಲೆಸಿದ ವೃತ್ತಾಂತ ಇದು. ಅವುಗಳಲ್ಲಿ ಐದನೆಯದು 'ತುಆಹ ದೇ ದನನ್', ಅಂದರೆ ದನು ಎಂಬ ದೇವಿಯ ಸಂತತಿಯವರೆಂದು ಸಾಮಾನ್ಯವಾಗಿ ವಿವರಿಸಲಾಗುವ ಕುಲ, ಆರನೆಯದು ಇಂದಿನ ಐರಿಷ್ ಜನರ ಪೂರ್ವಜರೆನಿಸಿದ ಮಿಲೇಸಿಯನ್ನರು. ಕಪ್ಪು ಮೋಡಗಳ ಮೇಲೆ ಬಂದ ತುಆಹ ದೇ ದನನ್ ಕುಲದವರು ಕನಾಕ್ಟ್ ಪ್ರಾಂತ್ಯದ ಬೆಟ್ಟವೊಂದರ ಮೇಲೆ ಇಳಿದರೆಂದೂ, ಮೂರು ದಿನ ಸೂರ್ಯ ಕಾಣಿಸಲಿಲ್ಲವೆಂದೂ ಗ್ರಂಥ ಹೇಳುತ್ತದೆ. ಜೊತೆಗೇ, ಅವರು ಹಡಗುಗಳಲ್ಲಿ ಬಂದರು, ಹಿಂದಿರುಗುವ ಆಸೆ ಉಳಿಯದಿರಲೆಂದು ಹಡಗುಗಳಿಗೆ ಬೆಂಕಿ ಇಟ್ಟರು, ಆ ಹೊಗೆಯೇ ಮೋಡವಾಗಿ ಕಂಡಿತು ಎಂಬ ಲೌಕಿಕ ಸಮಜಾಯಿಷಿಯೂ ಬರುತ್ತದೆ. ಅವರು ತಂದ ನಾಲ್ಕು ನಿಧಿಗಳೆಂದರೆ ನ್ಯಾಯವಾದ ಅರಸ ಮೆಟ್ಟಿದಾಗ ಕೂಗುವ ಶಿಲೆ, ಗೆಲುವನ್ನೇ ತರುವ ಈಟಿ, ಹಿರಿದರೆ ಯಾರೂ ತಪ್ಪಿಸಿಕೊಳ್ಳಲಾಗದ ಕತ್ತಿ ಮತ್ತು ಯಾರನ್ನೂ ಹಸಿವಿನಿಂದ ಹಿಂದಕ್ಕೆ ಕಳುಹಿಸದ ಕೊಪ್ಪರಿಗೆ. ಐರ್ಲೆಂಡಿನ ಅರಸೊತ್ತಿಗೆಯ ಪೀಠವಾಗಿದ್ದ ಟಾರಾ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಒಂದು ಕಂಬಗಲ್ಲನ್ನು ಆ ಕೂಗುವ ಶಿಲೆಯೆಂದೇ ತೋರಿಸಲಾಗುತ್ತದೆ.

ಈ ಕುಲದ ದೇವತೆಗಳು ತಮ್ಮ ಪೂರ್ಣ ವ್ಯಕ್ತಿತ್ವದಲ್ಲಿ ಕಾಣಿಸಿಕೊಳ್ಳುವುದು 'ಮಾಯ್ ತುರೆದ್ ಕದನ' ಎಂಬ ಕಥೆಯಲ್ಲಿ. ಈ ಕಥೆಯ ಭಾಷೆಯಲ್ಲಿ 9ನೇ ಶತಮಾನದಷ್ಟು ಹಳೆಯ ಪದರಗಳಿದ್ದರೂ ಅದರ ಪ್ರಸಿದ್ಧ ಪಾಠ ಉಳಿದಿರುವುದು 16ನೇ ಶತಮಾನದ ಒಂದೇ ಒಂದು ಹಸ್ತಪ್ರತಿಯಲ್ಲಿ. ಆ ಒಂದು ಪ್ರತಿ ಕಳೆದುಹೋಗಿದ್ದರೆ ಇಡೀ ಪುರಾಣದ ಬೆನ್ನೆಲುಬೇ ಮುರಿದಂತಾಗುತ್ತಿತ್ತು. ಅರಸ ನುವಾದ ಹಿಂದಿನ ಯುದ್ಧವೊಂದರಲ್ಲಿ ತೋಳನ್ನು ಕಳೆದುಕೊಂಡ. ಅಂಗಹೀನನಾದವನು ಅರಸನಾಗಿರಲಾಗದೆಂಬ ಕಾರಣಕ್ಕೆ ಸಿಂಹಾಸನ ಬ್ರೆಸ್ ಎಂಬವನಿಗೆ ಹೋಯಿತು. ತಂದೆಯ ಕಡೆಯಿಂದ ಬ್ರೆಸ್ ಶತ್ರುಗಳಾದ ಫೊಮೋರಿಯನ್ನರ ಕುಲದವನು. ಸಮುದ್ರದಾಚೆಯಿಂದ ಬಂದು ಕಪ್ಪಕಾಣಿಕೆ ಕಿತ್ತುಕೊಳ್ಳುತ್ತಿದ್ದ ಈ ಫೊಮೋರಿಯನ್ನರನ್ನು ಕಥೆಗಳು ಒಮ್ಮೆ ವಿಕಾರ ರೂಪದವರಂತೆ, ಒಮ್ಮೆ ತುಆಹ ದೇ ದನನ್ ಕುಲದವರ ಬೀಗರಂತೆ ಚಿತ್ರಿಸುತ್ತವೆ. ಬ್ರೆಸ್‌ನ ದೋಷ ಕ್ರೌರ್ಯಕ್ಕಿಂತ ಹೆಚ್ಚಾಗಿ ಜಿಪುಣತನ. ಅವನ ಮನೆಗೆ ಹೋದ ಗಣ್ಯರ ಊಟದ ಚೂರಿಗೆ ಜಿಡ್ಡು ಅಂಟುತ್ತಿರಲಿಲ್ಲ, ಉಸಿರಿನಲ್ಲಿ ಮದ್ಯದ ವಾಸನೆ ಇರುತ್ತಿರಲಿಲ್ಲ. ಕೊನೆಗೆ ಕವಿ ಕಾರ್ಬ್ರೆಗೆ ಬೆಂಕಿಯಿಲ್ಲದ, ಹಾಸಿಗೆಯಿಲ್ಲದ ಇಕ್ಕಟ್ಟಾದ ಗುಡಿಸಲನ್ನೂ ಚಿಕ್ಕ ತಟ್ಟೆಯಲ್ಲಿ ಮೂರು ಒಣರೊಟ್ಟಿಗಳನ್ನೂ ಕೊಟ್ಟಾಗ, ಮರುದಿನ ಬೆಳಿಗ್ಗೆ ಆ ಕವಿ ಹಾಡಿದ ನಿಂದಾಪದ್ಯದಿಂದ ಅರಸನ ಭಾಗ್ಯವೇ ಬಾಡಿಹೋಯಿತು. ಐರ್ಲೆಂಡಿನಲ್ಲಿ ರಚಿತವಾದ ಮೊದಲ ನಿಂದಾಪದ್ಯ ಇದೇ ಎಂದು ಕಥೆ ಹೇಳುತ್ತದೆ. ಅತಿಥಿಸತ್ಕಾರದಲ್ಲಿ ತಪ್ಪಿದ ಅರಸನನ್ನು ಮಾತಿನಿಂದಲೇ ಕೆಳಗಿಳಿಸಬಹುದೆಂಬ ಸಮಾಜದ ದೃಢವಾದ ನಂಬಿಕೆ ಇದರ ಹಿಂದಿದೆ.

ನುವಾದನ ತೋಳಿನ ಪ್ರಸಂಗದಲ್ಲಿ ಇನ್ನೊಂದು ದಾರುಣವಾದ ಕಥೆ ಅಡಗಿದೆ. ದೇವವೈದ್ಯನಾದ ಡಿಯನ್ ಕೆಖ್ಟ್ ಅರಸನಿಗೆ ಬೆರಳುಗಳೆಲ್ಲ ಆಡುವಂಥ ಬೆಳ್ಳಿಯ ತೋಳನ್ನು ಜೋಡಿಸಿದ. ಅವನ ಮಗ ಮೀಅಖ್ ಅದಕ್ಕೂ ಮುಂದೆ ಹೋಗಿ ಕತ್ತರಿಸಿಹೋದ ತೋಳನ್ನೇ ಕೀಲಿಗೆ ಕೀಲು, ನರಕ್ಕೆ ನರ ಕೂಡಿಸಿ ಮತ್ತೆ ಬೆಳೆಸಿದ. ಮಗನ ವಿದ್ಯೆ ತನ್ನದನ್ನು ಮೀರಿದ್ದನ್ನು ಸಹಿಸಲಾರದೆ ತಂದೆ ಅವನನ್ನು ಕೊಂದ. ಸಮಾಧಿಯ ಮೇಲೆ ದೇಹದ ಕೀಲು ನರಗಳಷ್ಟೇ ಸಂಖ್ಯೆಯಲ್ಲಿ, 365 ಮೂಲಿಕೆಗಳು ಹುಟ್ಟಿದವು. ಅವನ ತಂಗಿ ಆರ್ಮೆದ್ ಅವುಗಳನ್ನು ಗುಣಾನುಸಾರವಾಗಿ ವಿಂಗಡಿಸಿ ತನ್ನ ಮೇಲುವಸ್ತ್ರದ ಮೇಲೆ ಹರಡುತ್ತಿದ್ದಾಗ ತಂದೆ ಬಂದು ಎಲ್ಲವನ್ನೂ ಕಲಸಿಬಿಟ್ಟ. ಯಾವ ಮೂಲಿಕೆ ಯಾವ ರೋಗಕ್ಕೆಂಬುದು ಮನುಷ್ಯರಿಗೆ ಪೂರ್ಣವಾಗಿ ತಿಳಿಯದೆ ಹೋದದ್ದು ಹೀಗೆ. ವೈದ್ಯವಿದ್ಯೆಯ ಮಿತಿಗೆ ಮಾತ್ಸರ್ಯವನ್ನು ಕಾರಣವಾಗಿ ಕೊಟ್ಟ ಈ ಕಥೆ ಕೆಲವೇ ಸಾಲುಗಳದ್ದಾದರೂ ಇಡೀ ಐರಿಷ್ ಪುರಾಣದಲ್ಲಿ ಇದಕ್ಕಿಂತ ಆಳವಾಗಿ ಇರಿಯುವ ಕಥೆಗಳು ಕಡಿಮೆ.

ಬ್ರೆಸ್ ಪದಚ್ಯುತನಾಗಿ ಫೊಮೋರಿಯನ್ನರ ಸೇನೆಯನ್ನು ಕೂಡಿಸಲು ಹೋದಾಗ ಟಾರಾದ ಕೋಟೆಬಾಗಿಲಿಗೆ ಒಬ್ಬ ಅಪರಿಚಿತ ಯುವಕ ಬರುತ್ತಾನೆ, ಅವನೇ ಲೂಗ್. ವಿದ್ಯೆಯೊಂದಿಲ್ಲದವರಿಗೆ ಒಳಗೆ ಪ್ರವೇಶವಿಲ್ಲವೆಂದು ದ್ವಾರಪಾಲಕ ತಡೆಯುತ್ತಾನೆ. ತಾನು ಬಡಗಿ ಎಂದು ಲೂಗ್ ಹೇಳಿದರೆ ಬಡಗಿ ಒಳಗಿದ್ದಾನೆ. ಕಮ್ಮಾರ ಎಂದರೆ ಕಮ್ಮಾರನೂ ಇದ್ದಾನೆ. ಹೀಗೆಯೇ ಜಟ್ಟಿ, ವೀಣೆಯಂಥ ಹಾರ್ಪ್ ವಾದ್ಯವನ್ನು ನುಡಿಸುವವನು, ಯೋಧ, ಕವಿ, ಮಾಂತ್ರಿಕ, ವೈದ್ಯ, ಪಾನಪಾತ್ರೆ ಹಿಡಿಯುವವನು, ಕಂಚುಗಾರ ಎಂದು ಒಂದೊಂದೇ ವಿದ್ಯೆಯನ್ನು ಹೇಳುತ್ತಾ ಹೋದಂತೆಲ್ಲ ಅದೇ ಉತ್ತರ ಬರುತ್ತದೆ. ಕೊನೆಗೆ ಈ ಎಲ್ಲ ವಿದ್ಯೆಗಳೂ ಒಬ್ಬನಲ್ಲಿಯೇ ಇರುವ ವ್ಯಕ್ತಿ ಒಳಗಿದ್ದಾನೆಯೇ ಎಂದು ಕೇಳಿ ಬರಬೇಕೆಂದು ಲೂಗ್ ಹೇಳಿದಾಗ ದ್ವಾರ ತೆರೆಯುತ್ತದೆ. ಮತ್ತೆ ಅರಸನಾಗಿದ್ದ ನುವಾದ ಆ ಯುವಕನಿಗಾಗಿ ತನ್ನ ಆಸನದಿಂದ ಎದ್ದು, ಹದಿಮೂರು ದಿನ ಅವನನ್ನು ಅಲ್ಲಿ ಕೂರಿಸುತ್ತಾನೆ. ಯುದ್ಧದಲ್ಲಿ ಲೂಗ್ ಎದುರಿಸಬೇಕಾದದ್ದು ಫೊಮೋರಿಯನ್ನರ ಪಕ್ಷದಲ್ಲಿದ್ದ, ತನ್ನ ತಾಯಿಯ ತಂದೆಯಾದ ಬಾಲರ್‌ನನ್ನೇ. ಬಾಲರ್‌ನ ಒಂದು ಕಣ್ಣು ರಣರಂಗದಲ್ಲಿ ಮಾತ್ರ ತೆರೆಯುತ್ತಿತ್ತು. ಅದರ ರೆಪ್ಪೆಯನ್ನು ಎತ್ತಲು ನಾಲ್ವರು ಬೇಕಾಗುತ್ತಿತ್ತು, ಅದರ ದೃಷ್ಟಿ ಬಿದ್ದ ಸೇನೆಗೆ ಹೋರಾಡುವ ಶಕ್ತಿ ಉಳಿಯುತ್ತಿರಲಿಲ್ಲ. ರೆಪ್ಪೆ ಮೇಲೇಳುತ್ತಿದ್ದಂತೆ ಲೂಗ್ ಬೀಸಿದ ಕವಣೆಗಲ್ಲು ಆ ಕಣ್ಣನ್ನು ತಲೆಯ ಹಿಂಭಾಗಕ್ಕೆ ನೂಕಿತು, ದೃಷ್ಟಿ ಫೊಮೋರಿಯನ್ನರ ಸೇನೆಯ ಮೇಲೆಯೇ ಹರಿಯಿತು.

ಯುದ್ಧಾನಂತರ ಸೆರೆಸಿಕ್ಕ ಬ್ರೆಸ್ ತನ್ನ ಪ್ರಾಣಕ್ಕೆ ಪ್ರತಿಯಾಗಿ, ಹಸುಗಳು ಸದಾ ಹಾಲು ಕೊಡುವಂತೆ ಮಾಡುವೆನೆಂದೂ ವರ್ಷಕ್ಕೆ ನಾಲ್ಕು ಸಲ ಸುಗ್ಗಿ ಬರುವಂತೆ ಮಾಡುವೆನೆಂದೂ ಆಸೆ ತೋರಿಸಿದರೂ ಲೂಗ್ ಒಪ್ಪುವುದಿಲ್ಲ. ಉಳುವುದು, ಬಿತ್ತುವುದು, ಕೊಯ್ಯುವುದು ಯಾವಾಗ ಎಂಬ ತಿಳಿವಳಿಕೆಯನ್ನಷ್ಟೇ ಪಡೆದು ಅವನನ್ನು ಬಿಟ್ಟುಬಿಡುತ್ತಾನೆ. ಬ್ರೆಸ್ ಕೊಟ್ಟ ಉತ್ತರ: ಮೂರನ್ನೂ ಮಂಗಳವಾರ ಮಾಡಬೇಕು. ದೇವಾಸುರ ಸ್ವರೂಪದ ಯುದ್ಧವೊಂದು ಬೇಸಾಯದ ಪಂಚಾಂಗದಲ್ಲಿ ಮುಗಿಯುವುದು ಆಕಸ್ಮಿಕವಲ್ಲ. ಐರಿಷ್ ಭಾಷೆಯಲ್ಲಿ ಆಗಸ್ಟ್ ತಿಂಗಳಿಗೆ ಇಂದಿಗೂ ಲೂಗ್‌ನ ಹೆಸರಿನ ಸುಗ್ಗಿಹಬ್ಬದ ಹೆಸರೇ ಇದೆ. ಜುಲೈ ತಿಂಗಳ ಕೊನೆಯ ಭಾನುವಾರ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು, ಕೆಲವರು ಬರಿಗಾಲಿನಲ್ಲಿ, ಹತ್ತುವ ಕ್ರೈಸ್ತಯಾತ್ರೆಯ ಹಿಂದೆಯೂ ಆ ಹಬ್ಬದ ನೆರಳಿದೆಯೆಂದು ಜಾನಪದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಮಿಲೇಸಿಯನ್ನರು ಬಂದು ಗೆದ್ದ ಮೇಲೆ ತುಆಹ ದೇ ದನನ್ ಕುಲದವರು ಸಾಯಲಿಲ್ಲ, ಆಕಾಶಕ್ಕೂ ಏರಲಿಲ್ಲ. ಅವರು ನೆಲದೊಳಗೆ ಇಳಿದರು. ಮಣ್ಣಿನ ದಿಬ್ಬಗಳ ಒಳಗಿನ ಅವರ ಅರಮನೆಗಳಿಗೆ 'ಶೀ' ಎಂದು ಹೆಸರು. ಲೆನ್‌ಸ್ಟರ್ ಪುಸ್ತಕದಲ್ಲಿರುವ ಒಂದು ಪುಟ್ಟ ಕಥೆಯ ಪ್ರಕಾರ, ನೆಲದಡಿಗೆ ಹೋದ ದೇವತೆಗಳು ಹೊಸ ಒಡೆಯರ ಧಾನ್ಯವನ್ನೂ ಹಾಲನ್ನೂ ಹಾಳುಮಾಡಿದರು. ಮಿಲೇಸಿಯನ್ನರು ದೇವತೆಗಳ ಹಿರಿಯನಾದ ದಾಗ್ದನೊಡನೆ ಒಪ್ಪಂದ ಮಾಡಿಕೊಂಡ ಮೇಲೆಯೇ ಅವರಿಗೆ ಅನ್ನ ಹಾಲು ದಕ್ಕಿದ್ದು. ಒಂದು ತುದಿಯಿಂದ ಕೊಲ್ಲುವ, ಇನ್ನೊಂದು ತುದಿಯಿಂದ ಬದುಕಿಸುವ ದೊಣ್ಣೆಯ ಒಡೆಯನಾದ ಈ ದಾಗ್ದ ದಿಬ್ಬಗಳನ್ನು ದೇವತೆಗಳಿಗೆ ಹಂಚಿದಾಗ ಅವನ ಮಗ ಏಂಗಸ್‌ಗೆ ಏನೂ ಉಳಿಯಲಿಲ್ಲ. ಏಂಗಸ್ ತಂದೆಯ ಮನೆಯಲ್ಲಿ ಒಂದು ಹಗಲು, ಒಂದು ರಾತ್ರಿ ಇರಲು ಅನುಮತಿ ಕೇಳಿದ. ಅವಧಿ ಮುಗಿದಾಗ, ಜಗತ್ತೆಲ್ಲ ಸಾಗುವುದು ಹಗಲು ಮತ್ತು ರಾತ್ರಿಯಲ್ಲಿಯೇ ಆದ್ದರಿಂದ ತನಗೆ ಸಿಕ್ಕಿರುವುದು ಸರ್ವಕಾಲ ಎಂದು ವಾದಿಸಿ ಮನೆಯನ್ನೇ ತನ್ನದಾಗಿಸಿಕೊಂಡ.

ಆ ಮನೆಯೆಂದು ಕಥೆಗಳು ಹೆಸರಿಸುವ ಬ್ರೂ ನ ಬೋನ್ಯ ಇರುವುದು ಬಾಯ್ನ್ ನದಿಯ ತಿರುವಿನಲ್ಲಿ. ಅದರಲ್ಲಿ ಮುಖ್ಯವಾದ ನ್ಯೂಗ್ರೇಂಜ್ ದಿಬ್ಬ ಕ್ರಿ.ಪೂ. 3200ರ ಸುಮಾರಿಗೆ ಕಟ್ಟಿದ ಶಿಲಾಸಮಾಧಿ. ಸುಮಾರು 19 ಮೀಟರ್ ಉದ್ದದ ಕಲ್ಲಿನ ಓಣಿಯೊಂದು ಅದರ ಒಳಕೋಣೆಗೆ ಹೋಗುತ್ತದೆ; ಡಿಸೆಂಬರ್ 21ರ ಆಸುಪಾಸಿನ ದಿನಗಳಲ್ಲಿ, ವರ್ಷದಲ್ಲೇ ಅತ್ಯಂತ ಚಿಕ್ಕ ಹಗಲಿನ ಮುಂಜಾನೆ, ಬಾಗಿಲಿನ ಮೇಲಿನ ಕಿಂಡಿಯಿಂದ ಹೊಕ್ಕ ಬಿಸಿಲು ಆ ಕೋಣೆಯನ್ನು ಸುಮಾರು 17 ನಿಮಿಷ ಬೆಳಗುತ್ತದೆ. ಪುರಾತತ್ತ್ವಜ್ಞ ಮೈಕೆಲ್ ಓ'ಕೆಲಿ ಇದನ್ನು ಒಳಗೆ ನಿಂತು ಕಂಡದ್ದು 1967ರಲ್ಲಿ. ದಿಬ್ಬವನ್ನು ಕಟ್ಟಿದವರಿಗೂ ಏಂಗಸ್‌ನ ಕಥೆಯನ್ನು ಬರೆದವರಿಗೂ ನಡುವೆ ನಾಲ್ಕು ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿದೆ. ಆದುದರಿಂದ ಹಗಲು ರಾತ್ರಿಗಳ ಈ ಕಥೆ ಸೂರ್ಯನ ಲೆಕ್ಕವನ್ನು ನೆನಪಿಟ್ಟುಕೊಂಡದ್ದೆಂದು ಅವಸರದಿಂದ ಹೇಳುವುದು ಸಲ್ಲ. ಹಳೆಯ ನಿರ್ಮಾಣವೊಂದು ಕಣ್ಣೆದುರಿಗೆ ಇದ್ದಾಗ ಪ್ರತಿ ಪೀಳಿಗೆಯೂ ಅದರಲ್ಲಿ ತನ್ನ ದೇವರನ್ನು ಇರಿಸಿಕೊಂಡಿತೆಂಬಷ್ಟು ಮಾತ್ರ ಖಚಿತ.

ವೀರಕಥೆಗಳಿಗೆ ಬಂದರೆ ಕೇಂದ್ರದಲ್ಲಿರುವುದು ಉತ್ತರದ ಅಲ್‌ಸ್ಟರ್ ಪ್ರಾಂತ್ಯ, ಅಲ್ಲಿನ ಅರಸ ಕೊನ್ಖೊವರ್, ಅವನ ರಾಜಧಾನಿ ಎವಿನ್ ಮಾಖ. ಇಂದು ಆರ್ಮಾ ಪಟ್ಟಣದ ಬಳಿ ನ್ಯಾವನ್ ಕೋಟೆಯೆಂದು ಕರೆಯುವ ಆ ಸ್ಥಳದಲ್ಲಿ ಸುಮಾರು 40 ಮೀಟರ್ ವ್ಯಾಸದ ವೃತ್ತಾಕಾರದ ಮರದ ನಿರ್ಮಾಣವೊಂದು ಉತ್ಖನನದಲ್ಲಿ ಕಂಡುಬಂದಿದ್ದು, ಕ್ರಿ.ಪೂ. 95ರ ಸುಮಾರಿಗೆ ಕಡಿದ ಓಕ್ ಮರದ ಕಂಬ ಅದರ ನಡುವೆ ಇತ್ತು. ಕಟ್ಟಿದವರೇ ಅದರೊಳಗೆ ಕಲ್ಲು ತುಂಬಿ, ಬೆಂಕಿ ಇಟ್ಟು, ಮೇಲೆ ಮಣ್ಣಿನ ಹೆಂಟೆ ಹೊದಿಸಿದ್ದರು. ಈ ನಾಡಿನ ವೀರರ ಮೇಲೆ ಮಾಖ ಎಂಬ ದೇವಿಯ ಶಾಪವಿತ್ತು. ತುಂಬು ಗರ್ಭಿಣಿಯಾಗಿದ್ದ ಆಕೆಯನ್ನು ಅರಸನ ಕುದುರೆಗಳೊಡನೆ ಓಡುವಂತೆ ಬಲವಂತಪಡಿಸಲಾಯಿತು. ಗೆದ್ದು, ಗುರಿಯ ಬಳಿಯೇ ಅವಳಿ ಮಕ್ಕಳನ್ನು ಹೆತ್ತ ಆಕೆ, ಅಲ್‌ಸ್ಟರಿನ ಗಂಡಸರಿಗೆ ಅತ್ಯಂತ ಕಷ್ಟದ ಹೊತ್ತಿನಲ್ಲಿ ಹೆರಿಗೆನೋವಿನ ನಿತ್ರಾಣ ಬರಲೆಂದು ಶಪಿಸಿದಳು.

'ಟಾಯಿನ್ ಬೋ ಕೂಲ್ನ್ಯ' ಎಂಬ ಮಹಾಕಥೆಯ ವಸ್ತು ಕನ್ನಡದ ವೀರಗಲ್ಲುಗಳು ತುರುಗೊಳ್ ಎಂದು ಕರೆಯುವ ಸಂಗತಿಯೇ, ಅಂದರೆ ದನಗಳನ್ನು ಹೊಡೆದೊಯ್ಯಲು ನಡೆಯುವ ದಾಳಿ. ಕನಾಕ್ಟಿನ ರಾಣಿ ಮೇವ್ ಮತ್ತು ಅವಳ ಗಂಡ ಆಲಿಲ್ ಒಂದು ರಾತ್ರಿ ಹಾಸಿಗೆಯಲ್ಲಿ ತಮ್ಮಲ್ಲಿ ಯಾರು ಸಿರಿವಂತರೆಂದು ವಾದಕ್ಕಿಳಿದು, ಕೊಪ್ಪರಿಗೆ, ಒಡವೆ, ಕುರಿ, ಕುದುರೆ, ಹಂದಿ ಎಲ್ಲವನ್ನೂ ತರಿಸಿ ಎಣಿಸುತ್ತಾರೆ. ಎಲ್ಲವೂ ಸಮವಾದರೂ ಆಲಿಲ್‌ನ ಬಳಿ ಬಿಳಿಯ ಕೊಂಬಿನ ಒಂದು ಹೋರಿ ಹೆಚ್ಚು. ಅದು ಮೇವ್‌ಳ ಹಿಂಡಿನಲ್ಲಿಯೇ ಹುಟ್ಟಿ, ಹೆಂಗಸಿನ ಸೊತ್ತಾಗಿರಲು ಒಲ್ಲದೆ ಗಂಡನ ಹಿಂಡಿಗೆ ಹೋಗಿತ್ತು. ಅದಕ್ಕೆ ಸಾಟಿಯಾದ ಕಂದು ಹೋರಿ ಅಲ್‌ಸ್ಟರಿನ ಕೂಲಿ ಎಂಬಲ್ಲಿ ಮಾತ್ರ ಇದೆ. ಐವತ್ತು ಕಡಸುಗಳಿಗೆ ಬದಲಾಗಿ ಒಂದು ವರ್ಷದ ಮಟ್ಟಿಗೆ ಹೋರಿಯನ್ನು ಕೊಡಲು ಅದರ ಒಡೆಯ ಒಪ್ಪಿದ್ದ. ಆದರೆ ಕುಡಿದ ಅಮಲಿನಲ್ಲಿ ಮೇವ್‌ಳ ದೂತರು, ಕೊಡದಿದ್ದರೂ ಕಿತ್ತುಕೊಂಡು ಹೋಗುತ್ತಿದ್ದೆವೆಂದು ಆಡಿದ ಮಾತಿನಿಂದ ಒಪ್ಪಂದ ಮುರಿದು ಯುದ್ಧವಾಯಿತು. ಅಲ್‌ಸ್ಟರಿನ ಗಂಡಸರೆಲ್ಲ ಶಾಪದಿಂದ ಮಲಗಿದ್ದಾಗ ಗಡಿಯನ್ನು ಕಾಯಲು ಉಳಿದವನು ಹದಿನೇಳು ವರ್ಷದ ಕೂ ಖುಲಿನ್ ಒಬ್ಬನೇ.

ಕೂ ಖುಲಿನ್ ಲೂಗ್ ದೇವನ ಮಗ. ಚಿಕ್ಕಂದಿನ ಅವನ ಹೆಸರು ಸೆಟಾಂಟ. ಕುಲನ್ ಎಂಬ ಕಮ್ಮಾರನ ಕಾವಲುನಾಯಿಯನ್ನು ಆತ್ಮರಕ್ಷಣೆಗಾಗಿ ಕೊಂದ ಬಾಲಕ, ಅದಕ್ಕೆ ಬದಲಿಯಾಗಿ ಇನ್ನೊಂದು ಮರಿ ಬೆಳೆಯುವವರೆಗೆ ತಾನೇ ಕಾವಲಿರುವೆನೆಂದು ಒಪ್ಪಿಕೊಂಡು 'ಕುಲನ್‌ನ ನಾಯಿ' ಎಂಬ ಹೆಸರನ್ನು ಪಡೆದ. ಒಂದು ದಿನ ಪುರೋಹಿತ ಕಾಥ್ಬದ್ ತನ್ನ ಶಿಷ್ಯರಿಗೆ, ಇಂದು ಆಯುಧ ಧರಿಸುವವನ ಕೀರ್ತಿ ಶಾಶ್ವತ, ಆಯುಸ್ಸು ಮಾತ್ರ ಅಲ್ಪ ಎಂದು ಹೇಳುತ್ತಿದ್ದುದನ್ನು ಮರೆಯಲ್ಲಿ ಕೇಳಿಸಿಕೊಂಡು ಆ ದಿನವೇ ಆಯುಧ ಬೇಡಿದವನು ಇವನು. ರಣಾವೇಶ ಬಂದಾಗ ಅವನ ಒಂದು ಕಣ್ಣು ತಲೆಯೊಳಕ್ಕೆ ಸರಿದು ಇನ್ನೊಂದು ಹೊರಚಾಚುತ್ತದೆ, ದೇಹ ಚರ್ಮದೊಳಗೇ ತಿರುಗುತ್ತದೆ. ಹಾಗೆ ಒಮ್ಮೆ ಆವೇಶದಿಂದ ಮರಳಿದ ಬಾಲಕನನ್ನು ತಣಿಸಲು ತಣ್ಣೀರಿನ ಹಂಡೆಗಳಲ್ಲಿ ಮುಳುಗಿಸಿದಾಗ ಮೊದಲನೆಯ ಹಂಡೆ ಸಿಡಿಯಿತು, ಎರಡನೆಯದು ಕುದಿಯಿತು, ಮೂರನೆಯದು ಬೆಚ್ಚಗಾಯಿತು.

ಟಾಯಿನ್ ಕಥೆಯ ಹೃದಯ ಮಾತ್ರ ಈ ಆವೇಶದಲ್ಲಿಲ್ಲ. ಅದು ಹೊಳೆಯ ಕಡವಿನಲ್ಲಿ ಕೂ ಖುಲಿನ್ ಮತ್ತು ಫೆರ್ಡಿಯಾ ನಡುವೆ ನಡೆದ ದ್ವಂದ್ವಯುದ್ಧದಲ್ಲಿದೆ. ಇಬ್ಬರೂ ಸ್ಕಾಹಖ್ ಎಂಬ ಯೋಧೆಯ ಬಳಿ ಒಟ್ಟಿಗೆ ಶಸ್ತ್ರವಿದ್ಯೆ ಕಲಿತವರು, ಒಡಹುಟ್ಟಿದವರಂತೆ ಬೆಳೆದವರು. ಮೇವ್ ತನ್ನ ಮಗಳನ್ನು ಕೊಡುವುದಾಗಿ ಆಸೆ ತೋರಿಸಿ, ಕವಿಗಳಿಂದ ನಿಂದೆ ಹಾಡಿಸುವ ಬೆದರಿಕೆಯನ್ನೂ ಹಾಕಿ ಫೆರ್ಡಿಯಾನನ್ನು ಗೆಳೆಯನ ಎದುರಿಗೆ ನಿಲ್ಲಿಸುತ್ತಾಳೆ. ಹಗಲೆಲ್ಲ ಕಾದಾಡಿದ ಇಬ್ಬರೂ ಸಂಜೆ ಅಪ್ಪಿಕೊಳ್ಳುತ್ತಾರೆ. ಕುದುರೆಗಳು ಒಂದೇ ಲಾಯದಲ್ಲಿ, ಸಾರಥಿಗಳು ಒಂದೇ ಬೆಂಕಿಯ ಬಳಿ ರಾತ್ರಿ ಕಳೆಯುತ್ತಾರೆ. ಕೂ ಖುಲಿನ್ ತನ್ನ ಗಾಯಕ್ಕೆ ಬಂದ ಮೂಲಿಕೆಯಲ್ಲಿ ಸಮಪಾಲನ್ನು ಹೊಳೆಯಾಚೆಗೆ ಕಳುಹಿಸಿದರೆ, ಫೆರ್ಡಿಯಾ ತನಗೆ ಬಂದ ಊಟದಲ್ಲಿ ಪಾಲನ್ನು ಈಚೆಗೆ ಕಳುಹಿಸುತ್ತಾನೆ. ಮೂರನೆಯ ರಾತ್ರಿ ಈ ಸೌಹಾರ್ದ ಮುರಿದು ಬೇರೆ ಬೇರೆ ಮಲಗುತ್ತಾರೆ. ನಾಲ್ಕನೆಯ ದಿನ, ಹೊಕ್ಕ ಮೇಲೆ ದೇಹದೊಳಗೆ ಮುಳ್ಳುಗಳಾಗಿ ಬಿರಿಯುವ 'ಗೇ ಬುಲ್ಗ' ಎಂಬ ಈಟಿಯಿಂದ ಫೆರ್ಡಿಯಾ ಸಾಯುತ್ತಾನೆ, ಕೊಂದವನು ಅವನನ್ನು ಹೊತ್ತು ತನ್ನ ದಡಕ್ಕೆ ತಂದು ಗೋಳಾಡುತ್ತಾನೆ. ಲೌತ್ ಜಿಲ್ಲೆಯ ಆರ್ಡೀ ಪಟ್ಟಣ ಇಂದಿಗೂ ಫೆರ್ಡಿಯಾನ ಕಡವೆಂಬ ಅರ್ಥದ ಹೆಸರನ್ನೇ ಹೊತ್ತಿದೆ. ಕೊನೆಗೆ ಹೋರಿಗಳೆರಡೂ ತಮ್ಮತಮ್ಮಲ್ಲಿ ಹೋರಾಡುತ್ತವೆ. ಕಂದು ಹೋರಿ ಬಿಳಿಗೊಂಬಿನದನ್ನು ಸೀಳಿ, ಅದರ ಅಂಗಗಳನ್ನು ದಾರಿಯುದ್ದಕ್ಕೂ ಚೆಲ್ಲುತ್ತಾ ಊರುಗಳಿಗೆ ಹೆಸರು ಕೊಡುತ್ತಾ ಹೋಗಿ, ತಾನೂ ಎದೆಯೊಡೆದು ಸಾಯುತ್ತದೆ. ಯಾವ ಹೋರಿಗಾಗಿ ಅಷ್ಟು ಜನ ಸತ್ತರೋ ಅದು ಯಾರಿಗೂ ದಕ್ಕಲಿಲ್ಲ.

ವೀರರ ಬದುಕನ್ನು ಕಟ್ಟಿಹಾಕುವ ಇನ್ನೊಂದು ಕಟ್ಟಳೆಗೆ 'ಗೆಶ್' ಎಂದು ಹೆಸರು; ಒಬ್ಬೊಬ್ಬನಿಗೆ ಒಂದೊಂದು ಬಗೆಯ, ಮೀರಿದರೆ ನಾಶ ತರುವ ನಿಷೇಧ ಅದು. ಕೂ ಖುಲಿನ್ ನಾಯಿಯ ಮಾಂಸ ತಿನ್ನಬಾರದು. ದಾರಿಯಲ್ಲಿ ಅಡುಗೆಯ ಒಲೆ ಕಂಡರೆ ಅಲ್ಲಿ ಉಣ್ಣದೆ ಮುಂದೆ ಹೋಗಲೂಬಾರದು. ಕೊನೆಯ ಯುದ್ಧಕ್ಕೆ ಹೊರಟ ಅವನಿಗೆ ದಾರಿಯಲ್ಲಿ ನಾಯಿಯ ಮಾಂಸ ಬೇಯಿಸುತ್ತಿದ್ದ ಮುದುಕಿಯರು ಎದುರಾಗುತ್ತಾರೆ, ಎರಡರಲ್ಲೊಂದನ್ನು ಮುರಿಯದೆ ದಾರಿಯಿರುವುದಿಲ್ಲ. ಮರಣಾಂತಿಕ ಗಾಯವಾದಾಗ ನಿಂತೇ ಸಾಯಬೇಕೆಂದು ಅವನು ತನ್ನನ್ನು ಕಂಬಗಲ್ಲಿಗೆ ಕಟ್ಟಿಕೊಂಡ. ಹಕ್ಕಿಯೊಂದು ಅವನ ಬಳಿ ಬಂದು ಕುಳಿತ ಮೇಲೆಯೇ ಶತ್ರುಗಳಿಗೆ ಹತ್ತಿರ ಬರುವ ಧೈರ್ಯ ಬಂತು. ಯುದ್ಧದೇವತೆ ಮೊರಿಗನ್ ಕಾಗೆಯ ರೂಪ ತಾಳುವವಳಾದ್ದರಿಂದ ಆ ಹಕ್ಕಿ ಅವಳೇ ಎಂದು ಜನ ನಂಬಿದರು.

ಇವುಗಳಿಗಿಂತ ಜನಸಾಮಾನ್ಯರ ನಾಲಗೆಯ ಮೇಲೆ ಹೆಚ್ಚು ಕಾಲ ನಿಂತವು, ಜ್ಞಾನದ ಮೀನನ್ನು ಸುಡುವಾಗ ಸುಟ್ಟ ಹೆಬ್ಬೆರಳನ್ನು ಚೀಪಿ ಸರ್ವಜ್ಞನಾದ ಫಿನ್ ಮತ್ತು ಅವನ ಬೇಟೆಗಾರ ಯೋಧರ ತಂಡವಾದ ಫಿಯನ್ನದ ಕಥೆಗಳು. ಸುಮಾರು 1200ರಲ್ಲಿ ರಚಿತವಾದ 'ಹಿರಿಯರ ಸಂವಾದ'ದಲ್ಲಿ ಆ ತಂಡದ ಕೀಲ್ಟೆ ಎಂಬ ಅಳಿದುಳಿದ ವೃದ್ಧ ವೀರ, ಐರ್ಲೆಂಡಿನಲ್ಲಿ ಕ್ರೈಸ್ತಧರ್ಮವನ್ನು ಸಾರಿದ ಸಂತ ಪ್ಯಾಟ್ರಿಕ್‌ನನ್ನು ಕಂಡು, ಒಂದೊಂದು ಬೆಟ್ಟ, ಒಂದೊಂದು ಬಾವಿಯ ಕಥೆಯನ್ನು ಹೇಳುತ್ತಾ ನಾಡು ಸುತ್ತುತ್ತಾನೆ. ಕಥೆ ಕೇಳುವುದರಿಂದ ಪ್ರಾರ್ಥನೆಗೆ ಭಂಗ ಬಂತೇ ಎಂದು ಪ್ಯಾಟ್ರಿಕ್ ಅಳುಕಿದಾಗ ಅವನ ಕಾವಲು ದೇವದೂತರೇ ಬಂದು, ಇವೆಲ್ಲವನ್ನೂ ಬರೆಸಿಡು, ಮುಂದಿನ ಕಾಲದ ಜನರಿಗೆ ಇವು ಆನಂದ ಕೊಡುತ್ತವೆ ಎಂದು ಹೇಳುತ್ತಾರೆ. ಲೆನ್‌ಸ್ಟರ್ ಪುಸ್ತಕದ ಲಿಪಿಕಾರನನ್ನು ಕಾಡಿದ ಅಳುಕಿಗೆ ಐರಿಷ್ ಸಾಹಿತ್ಯ ತಾನೇ ಕೊಟ್ಟುಕೊಂಡ ಸಮರ್ಥನೆ ಇದು.

ಹಸ್ತಪ್ರತಿಗಳ ಈ ಲೋಕ ಇಂಗ್ಲಿಷ್ ಓದುಗರಿಗೆ ವ್ಯಾಪಕವಾಗಿ ತೆರೆದುಕೊಂಡದ್ದು 19ನೇ ಶತಮಾನದ ಕೊನೆಗೆ. ಲೇಡಿ ಗ್ರೆಗರಿ 1902 ಮತ್ತು 1904ರಲ್ಲಿ ಪ್ರಕಟಿಸಿದ ಈ ಕಥೆಗಳ ಎರಡು ಸಂಪುಟಗಳೂ ಡಬ್ಲ್ಯು. ಬಿ. ಯೇಟ್ಸ್‌ನ ನಾಟಕಗಳೂ ಅದನ್ನು ಹೊಸ ರಾಷ್ಟ್ರಭಾವನೆಯ ಆಧಾರವಾಗಿಸಿದವು. ಅದೇ ಬಳಗದ ಕವಿ ಜೇಮ್ಸ್ ಕಸಿನ್ಸ್, ದೇವಲೋಕದ ಹೆಣ್ಣಿನ ಕರೆಗೆ ಓಗೊಟ್ಟು ಹೋದ ರಾಜಕುಮಾರನ ಕಥೆಯನ್ನು ನಾಟಕವಾಗಿಸಿ 1902ರಲ್ಲಿ ಡಬ್ಲಿನ್ನಿನಲ್ಲಿ ರಂಗಕ್ಕೆ ತಂದವರು. 1915ರಲ್ಲಿ ಭಾರತಕ್ಕೆ ಬಂದ ಕಸಿನ್ಸ್ 1924ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯಲು ಸಲಹೆ ಮಾಡಿದ ಸಂಗತಿ ಕನ್ನಡ ಓದುಗರಿಗೆ ಪರಿಚಿತವೇ. ಆ ಸಲಹೆಯ ಹಿಂದೆ ತನ್ನ ನೆಲದ ಪುರಾಣವನ್ನು ಮರಳಿ ಪಡೆಯುತ್ತಿದ್ದ ಒಂದು ಪೀಳಿಗೆಯ ಅನುಭವವಿತ್ತೆಂದು ತಿಳಿಯುವುದು ಅನುಚಿತವಲ್ಲ.

ಅದೇ ಪೀಳಿಗೆಯ ಪ್ಯಾಟ್ರಿಕ್ ಪಿಯರ್ಸ್ 1908ರಲ್ಲಿ ಸ್ಥಾಪಿಸಿದ ಶಾಲೆಯಲ್ಲಿ ಕೂ ಖುಲಿನ್‌ನನ್ನೇ ಮಕ್ಕಳಿಗೆ ಆದರ್ಶವಾಗಿಟ್ಟರು. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯಿಂದ ದಂಗೆಯನ್ನು ಮುನ್ನಡೆಸಿ ಮರಣದಂಡನೆಗೆ ಗುರಿಯಾದರು. ಕಂಬಗಲ್ಲಿಗೆ ಕಟ್ಟಿಕೊಂಡು ಹೆಗಲ ಮೇಲೆ ಹಕ್ಕಿಯೊಡನೆ ಸಾಯುತ್ತಿರುವ ಕೂ ಖುಲಿನ್‌ನ ಕಂಚಿನ ಶಿಲ್ಪವನ್ನು ಆಲಿವರ್ ಶೆಪರ್ಡ್ ದಂಗೆಗೆ ಮೊದಲೇ ರೂಪಿಸಿದ್ದರು. 1935ರಲ್ಲಿ ಅದನ್ನು ಆ ದಂಗೆಯ ಸ್ಮಾರಕವಾಗಿ ಅದೇ ಅಂಚೆ ಕಚೇರಿಯಲ್ಲಿ ಸ್ಥಾಪಿಸಲಾಯಿತು. ಬ್ರಿಟನ್ನಿನೊಡನೆಯೇ ಉಳಿಯಬೇಕೆನ್ನುವ ಉತ್ತರ ಐರ್ಲೆಂಡಿನ ಪಕ್ಷದವರೂ ಬೆಲ್‌ಫಾಸ್ಟಿನ ಗೋಡೆಗಳ ಮೇಲೆ ಇದೇ ಶಿಲ್ಪದ ಭಂಗಿಯಲ್ಲಿ ಇದೇ ವೀರನನ್ನು ಅಲ್‌ಸ್ಟರಿನ ಪುರಾತನ ರಕ್ಷಕನೆಂದು ಚಿತ್ರಿಸಿದ್ದಾರೆ. ಕಡವಿನಲ್ಲಿ ನಿಂತ ಕೂ ಖುಲಿನ್ ತಡೆದದ್ದು ಐರ್ಲೆಂಡಿನ ಉಳಿದ ನಾಲ್ಕು ಪ್ರಾಂತ್ಯಗಳ ಸೇನೆಯನ್ನಾದ್ದರಿಂದ ಅವರ ಈ ಹಕ್ಕುಸಾಧನೆಗೂ ಟಾಯಿನ್ ಕಥೆಯಲ್ಲಿ ಆಧಾರವಿದೆ.